ಮೂರು ಬಾಣ, ಮೂರು ಚುಕ್ಕಿ...

ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ಡಾಕ್ಯುಮೆಂಟೇಶನ್ ಪೂರ್ತಿ ಓದ್ತೀರಾ? ನಾನಂತೂ ಇಲ್ಲ. ಕಣ್ಣು ಮೊದಲು ಓಡೋದೇ ಕೋಡ್ ಉದಾಹರಣೆಗೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಇಂಜಿನಿಯರಿಂಗ್ ಸೇರಿದ ನನ್ನಂಥವರಿಗೆ ಮೊದಲ ಸೆಮಿಸ್ಟರಿನಲ್ಲಿ ಅರ್ಥವಾಗ್ತಿದ್ದದ್ದೂ ಅದೊಂದೇ. ಸುತ್ತಲಿನ ಇಂಗ್ಲಿಷ್ ಪ್ಯಾರಾಗಳು ತಲೆ ಮೇಲಿಂದ ಹಾರಿಹೋದರೂ ನಾಲ್ಕು ಸಾಲಿನ ಕೋಡು ಕೈ ಹಿಡಿದು ನಡೆಸುತ್ತಿತ್ತು. ಹಾಗಾಗಿ ಆ ನಾಲ್ಕು ಸಾಲನ್ನು ಹೇಗೆ ಜೋಡಿಸಿಡ್ತಾರೆ ಅನ್ನೋದು ನನಗೆ ಬರೀ ಅಲಂಕಾರದ ವಿಷಯ ಅಲ್ಲ.

ಪೈಥಾನ್‌ನ ಟ್ಯುಟೋರಿಯಲ್ ನೋಡಿ. ನಾವು ಟೈಪ್ ಮಾಡಬೇಕಾದ ಸಾಲಿನ ಮುಂದೆ >>> ಅಂತ ಮೂರು ಬಾಣ. ಉತ್ತರದ ಮುಂದೆ ಏನೂ ಇಲ್ಲ. ನಾವು ಹೇಳಿದ್ದು ಯಾವುದು, ಕಂಪ್ಯೂಟರ್ ಹೇಳಿದ್ದು ಯಾವುದು ಅಂತ ನಾಟಕದ ಸಂಭಾಷಣೆಯಷ್ಟೇ ಸ್ಪಷ್ಟ. ಮಾತು ಮುಗಿದಿಲ್ಲ ಅಂದ್ರೆ ಮುಂದಿನ ಸಾಲಿಗೆ ಮೂರು ಚುಕ್ಕಿ... ಥೇಟ್ ನಮ್ಮ ಬ್ಲಾಗಿಗರ ಥರ! :)

ಓದೋಕೆ ಚೆಂದ, ಆದರೆ ಕಾಪಿ ಮಾಡಿ ಫೈಲಿಗೆ ಅಂಟಿಸಿದರೆ ಬಾಣಗಳೂ ಜೊತೆಗೇ ಬಂದು ಸಿಂಟ್ಯಾಕ್ಸ್ ಎರರ್. ಅದಕ್ಕೇ ಪೈಥಾನ್‌ನವರು ಆಮೇಲೆ ಬಾಣಗಳನ್ನು ಮರೆಮಾಡುವ ಒಂದು ಬಟನ್ ಕೊಟ್ಟರು.

ಆದರೆ ಆ ಬಾಣಗಳಿಗೆ ಇನ್ನೊಂದು ಕೆಲಸವೂ ಇದೆ. 2001ರ ಪೈಥಾನ್ 2.1ರಲ್ಲಿ ಬಂದ 'ಡಾಕ್‌ಟೆಸ್ಟ್' ಬಾಣವಿರುವ ಸಾಲುಗಳನ್ನು ಹುಡುಕಿ, ಓಡಿಸಿ, ಕೆಳಗೆ ಬರೆದ ಉತ್ತರದ ಜೊತೆ ತಾಳೆ ನೋಡುತ್ತದೆ. ಹೊಂದದಿದ್ದರೆ ದೂರು! ಗೋ ಭಾಷೆಯಲ್ಲೂ ಉದಾಹರಣೆಯ ಕೊನೆಗೆ ಕಾಮೆಂಟಿನಲ್ಲಿ ಉತ್ತರ ಬರೆದರೆ ಟೆಸ್ಟ್ ಓಡುವಾಗ ಪರೀಕ್ಷೆ ಆಗುತ್ತದೆ. ರಸ್ಟ್ ಇನ್ನೂ ಜಾಣ. ಸಾಲಿನ ಮುಂದೆ # ಹಾಕಿದರೆ ಆ ಸಾಲು ಓದುಗರಿಗೆ ಕಾಣೋದಿಲ್ಲ, ಕಂಪೈಲರಿಗೆ ಮಾತ್ರ ಕಾಣುತ್ತದೆ. ಕಣ್ಣಿಗೂ ಹಗುರ, ಕೋಡೂ ಪೂರ್ತಿ.

ಇನ್ನು ನಮ್ಮ ಆಫೀಸುಗಳ ಕಥೆ ಕೇಳಿ. ಟೀಮಿನ ಡಾಕ್ಯುಮೆಂಟನ್ನು ವರ್ಡ್‌ನಲ್ಲಿ ಬರೀತೀವಿ. ಅದು ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ತಾನೇ ಬಾಗಿಸಿ ಸುಂದರ ಮಾಡಿಬಿಡುತ್ತದೆ. ಹೊಸದಾಗಿ ಸೇರಿದ ಹುಡುಗಿ ಅದನ್ನು ಕಾಪಿ ಮಾಡಿ ಓಡಿಸಿದರೆ ಎರರ್. ಕಣ್ಣಿಗೆ ಎರಡೂ ಒಂದೇ ಥರ ಕಾಣೋದ್ರಿಂದ ಪಾಪ, 'ನನಗೇ ಬರಲ್ಲ' ಅಂದುಕೊಂಡು ಸುಮ್ಮನೆ ಕೂರುತ್ತಾಳೆ. ಪಕ್ಕದವರನ್ನು ಇಂಗ್ಲಿಷಿನಲ್ಲಿ ಕೇಳೋಕೂ ಅಂಜಿಕೆ. ಇಂಥ ಮುಖಗಳನ್ನು ಎಷ್ಟೋ ನೋಡಿದ್ದೀನಿ.

ಭಾಷೆ ಸರಿಯಾಗಿ ಬಾರದವರಿಗೆ ಉದಾಹರಣೆಯೇ ಮೇಷ್ಟ್ರು. ಮೇಷ್ಟ್ರೇ ತಪ್ಪು ಹೇಳಿಕೊಟ್ಟರೆ ಮಕ್ಕಳು ಬೈದುಕೊಳ್ಳೋದು ತಮ್ಮನ್ನೇ. ಮುಂದಿನ ಸಲ ಕೋಡ್ ಉದಾಹರಣೆ ಬರೆದಾಗ, ಬರೆದಲ್ಲಿಂದಲೇ ಕಾಪಿ ಮಾಡಿ ಒಮ್ಮೆ ಓಡಿಸಿ ನೋಡೋಣ. ಎರಡು ನಿಮಿಷದ ಕೆಲಸ. ಏನಂತೀರಿ?