ಗಾಳಿ ಅಲ್ಲ, ಔಷಧಿ

ಹೊಸ ರಿಲೀಸ್ ಜೊತೆ ‘ಗೊತ್ತಿರೋ ತೊಂದರೆಗಳು’ ಅಂತ ಒಂದು ಪಟ್ಟಿ ಕೊಡೋದು ನಮ್ಮ ಸಾಫ್ಟ್‌ವೇರ್ ಮಂದಿಯ ಪದ್ಧತಿ. ಮಾನಸಿಕ ಕಾಯಿಲೆಗೆ ಔಷಧಿ ಕೊಡುವಾಗ ಆ ಪಟ್ಟಿ ಎಷ್ಟೋ ಸಲ ಮನೆಯವರ ಕಿವಿಗೆ ಬೀಳೋದೇ ಇಲ್ಲ. ಅದರಲ್ಲಿ ಮೊದಲು ಹೇಳಬೇಕಾದ್ದು ಡಿಸ್ಟೋನಿಯಾ.

ಹ್ಯಾಲೊಪೆರಿಡಾಲ್ ಅನ್ನೋ ಔಷಧಿಯನ್ನ 1958ರಲ್ಲಿ ಬೆಲ್ಜಿಯಂನಲ್ಲಿ ಪಾಲ್ ಯಾನ್ಸೆನ್ ಅವರ ತಂಡ ತಯಾರಿಸಿತು. ಇಲ್ಲದ ದನಿ ಕೇಳೋದು, ಎಲ್ಲರ ಮೇಲೂ ಸಂಶಯ - ಇಂಥವನ್ನ ಹತೋಟಿಗೆ ತರುತ್ತೆ, ಬೆಲೆಯೂ ಕಡಿಮೆ. ಮೆದುಳಲ್ಲಿ ಡೋಪಮಿನ್‌ನ ಕೆಲಸ ತಡೆಯೋದು ಅದರ ರೀತಿ. ಆದರೆ ಸ್ನಾಯುಗಳ ಬಿಗಿ-ಸಡಿಲಕ್ಕೂ ಅದೇ ಡೋಪಮಿನ್ ಬೇಕಲ್ಲ! ಹಾಗಾಗಿ ಕೆಲವರಿಗೆ, ಅದರಲ್ಲೂ ಹರೆಯದ ಹುಡುಗರಿಗೆ, ಔಷಧಿ ಶುರುವಾದ ಇಲ್ಲವೇ ಡೋಸ್ ಏರಿಸಿದ ಮೊದಲ 4-5 ದಿನಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಚುತ್ತೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತೆ, ನಾಲಗೆ ಹೊರಗೆ ಚಾಚುತ್ತೆ, ದವಡೆ ಹಿಡಿದುಕೊಳ್ಳುತ್ತೆ.

ನಮ್ಮ ಬೇವೂರಲ್ಲಿ ಸಂಬಂಧಿಕರ ಹುಡುಗನೊಬ್ಬನಿಗೆ ಹೀಗೇ ಆಯ್ತು, ಇಂಜೆಕ್ಷನ್ ಮಾಡಿಸಿಕೊಂಡು ಬಂದ ಮರುದಿನ. ಅವನ ಅಜ್ಜಿ “ಗಾಳಿ ಬಡದೈತಿ, ನಿಂಬಿಹಣ್ಣ ತರ್ರಿ” ಅಂದರು. ಪಕ್ಕದ ಮನೆಯವರು ಮೂರ್ಛೆ ಅಂದರು. ಇನ್ನೊಬ್ಬರು “ನಾಟಕ ಮಾಡ್ತಾನ ಬಿಡ್ರಿ” ಅಂದರು. ಅವನಿಗೋ ಪೂರ್ತಿ ಎಚ್ಚರ, ಎಲ್ಲ ಮಾತೂ ಕೇಳಿಸ್ತಿತ್ತು. ಮೈಯೆಲ್ಲ ಅದುರಿ ಪ್ರಜ್ಞೆ ತಪ್ಪೋ ಮೂರ್ಛೆಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸವೇ ಅದು. ಬಾಗಲಕೋಟೆಗೆ ಕರೆದೊಯ್ದಾಗ ಡಾಕ್ಟರು ಮೊದಲು ಕೇಳಿದ್ದು, “ಏನೇನ ಔಷಧ ಕೊಟ್ಟೀರಿ?” ಚೀಟಿ ನೋಡಿದ್ದೇ ಪ್ರೊಮೆಥಜೀನ್ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯೊಳಗೆ ಕುತ್ತಿಗೆ ನೆಟ್ಟಗಾಯ್ತು. ಮರುಕಳಿಸದಿರಲಿ ಅಂತ ಕೆಲವು ದಿನಕ್ಕೆ ಟ್ರೈಹೆಕ್ಸಿಫೆನಿಡಿಲ್ ಗುಳಿಗೆ ಬರೆದರು, ಮೊದಲಿನ ಔಷಧಿ ಬದಲಿಸಿದರು.

ಕುತ್ತಿಗೆ ಸರಿಹೋಯ್ತು, ನಂಬಿಕೆ ಹೋಯ್ತು. “ಇನ್ನ ಯಾವ ಗುಳಿಗೀನೂ ನುಂಗಂಗಿಲ್ಲ” ಅಂತ ಕೂತುಬಿಟ್ಟ. ಎರಡು ತಿಂಗಳಿಗೆ ಹಳೇ ದನಿಗಳು ಮತ್ತೆ ಶುರು. “ಹಿಂಗ ಆಗಬಹುದು, ಆದ್ರ ಹೆದರಬ್ಯಾಡ್ರಿ, ಲಗೂನ ಬರ್ರಿ” ಅಂತ ಮೊದಲ ದಿನವೇ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲವೇನೋ. ಅರ್ಧ ಗಂಟೆಯಲ್ಲಿ ವಾಸಿಯಾಗೋ ತೊಂದರೆ ಇಡೀ ಚಿಕಿತ್ಸೆಯನ್ನೇ ನುಂಗಿಹಾಕುತ್ತೆ.

ಅಂದಹಾಗೆ, ವಾಂತಿಗೆ ಕೊಡೋ ಮೆಟೊಕ್ಲೊಪ್ರಮೈಡ್‌ನಿಂದಲೂ ಹೀಗಾಗಬಹುದು. ಹೀಗೆ ಕಂಡರೆ ಔಷಧಿ ಚೀಟಿ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಿ. ಗಂಟಲು ಬಿಗಿದು ಉಸಿರು ಕಟ್ಟಿದರಂತೂ ಒಂದು ನಿಮಿಷವೂ ಕಾಯಬೇಡಿ. ಡಾಕ್ಟರನ್ನ ಕೇಳದೆ ಚಿಕಿತ್ಸೆ ಬಿಡಬೇಡಿ.

ನಿಮ್ಮೂರ ಕಡೆ ಇದಕ್ಕೆ ಏನಂತಾರೆ? ಗಾಳಿನಾ, ಗ್ರಹಾನಾ? ಗೊತ್ತಿದ್ದರೆ ತಿಳಿಸಿ.