ದಿಕ್ಕು ತಪ್ಪದ ದೋಣಿ

ನೀರಿನ ಮೇಲೆ ನೇರವಾಗಿ ಸಾಗುವುದು ಸುಲಭವೆಂದು ದಡದಲ್ಲಿ ನಿಂತವರು ಬಗೆಯುತ್ತಾರೆ. ಹುಟ್ಟು ಹಿಡಿದವನು ಮಾತ್ರ ಬಲ್ಲ: ತಪ್ಪುವುದು, ತಿದ್ದಿಕೊಳ್ಳುವುದು, ಮತ್ತೆ ತಪ್ಪುವುದು, ಮತ್ತೆ ತಿದ್ದಿಕೊಳ್ಳುವುದು, ಇವುಗಳ ಮೊತ್ತಕ್ಕೇ ಅಲ್ಲಿ ನೇರವಾದ ದಾರಿಯೆಂದು ಹೆಸರು.

ಉತ್ತರ ಧ್ರುವದ ಆಸುಪಾಸಿನ ಹಿಮಪ್ರದೇಶದಲ್ಲಿ ವಾಸಿಸುವ ಇನ್ಯೂಟ್ ಜನರು ಸೀಲ್ ಪ್ರಾಣಿಯ ಬೇಟೆಗೆಂದು ರೂಪಿಸಿದ ಕಿರುದೋಣಿಯೇ ಕಯಾಕ್. ಹಂದರಕ್ಕೆ ತೊಗಲು ಹೊದಿಸಿದ, ಒಬ್ಬನು ಕಾಲು ಚಾಚಿ ಕುಳಿತುಕೊಳ್ಳುವಷ್ಟೇ ಇಕ್ಕಟ್ಟಾದ ನಾವೆ ಅದು. ಪಕ್ಕದಿಂದ ಗಾಳಿ ಬೀಸಿದರೆ ಇದು ಗಾಳಿ ತಳ್ಳಿದತ್ತ ತಿರುಗದು. ಗಾಳಿ ಬಂದ ಕಡೆಗೇ ಮೂತಿ ತಿರುಗಿಸುತ್ತದೆ. ಮುಂದೆ ಸಾಗುವ ದೋಣಿಯ ಮೂತಿಯನ್ನು ಎದುರಿನ ನೀರು ಒತ್ತಿ ಹಿಡಿದಿರುತ್ತದೆ. ಸಡಿಲವಾಗಿ ಉಳಿದ ಹಿಂಬದಿಯನ್ನು ಗಾಳಿ ದೂಡಿಬಿಡುತ್ತದೆ. ನಿಪುಣನು ಬಲದಿಂದ ಸೆಣಸುವುದಿಲ್ಲ. ಗಾಳಿಯ ಕಡೆಯ ಅಂಚನ್ನು ಸೊಂಟದಿಂದ ತುಸುವೇ ತಗ್ಗಿಸಿ, ಅದೇ ಬದಿಯಲ್ಲಿ ಹುಟ್ಟನ್ನು ಅಗಲವಾಗಿ ಬೀಸುತ್ತಾನೆ. ಹಿಂದಿನಿಂದ ಬರುವ ಅಲೆ ಇನ್ನೂ ಅಪಾಯಕರ. ಅದು ಹಿಂಬದಿಯನ್ನೆತ್ತಿ ದೋಣಿಯನ್ನು ಅಡ್ಡಲಾಗಿ ತಿರುಗಿಸಿ ಮಗುಚುತ್ತದೆ. ತಿರುವು ಕಣ್ಣಿಗೆ ಕಂಡ ಮೇಲೆ ತಿದ್ದಹೊರಟರೆ ಕಾಲ ಮೀರಿರುತ್ತದೆ.

ಹಗಲಿನಲ್ಲಿ, ಎಚ್ಚರದಲ್ಲಿ, ಇದು ಸಾಧ್ಯವೆನ್ನೋಣ. ಆದರೆ ನಿದ್ದೆ ಬಂದರೆ?

ಈ ಪ್ರಶ್ನೆಯನ್ನು ತನ್ನ ಪ್ರಾಣವನ್ನೇ ಪಣವಾಗಿಟ್ಟು ಎದುರಿಸಿದವನು ಜರ್ಮನಿಯ ವೈದ್ಯ ಹಾನೆಸ್ ಲಿಂಡೆಮನ್. 1956ರ ಅಕ್ಟೋಬರಿನಲ್ಲಿ ಆತ ಕ್ಯಾನರಿ ದ್ವೀಪಗಳಿಂದ ಏಕಾಕಿಯಾಗಿ ಹೊರಟ. ಸುಮಾರು 17 ಅಡಿ ಉದ್ದದ, ಮಡಚಿಡಬಹುದಾದ ಕಯಾಕ್, ಪುಟ್ಟ ಹಾಯಿ, ಮುಂದೆ ಅಟ್ಲಾಂಟಿಕ್ ಮಹಾಸಾಗರ. ಬೀಸುವ ಗಾಳಿ, ಏರುವ ಅಲೆ ಬಹುಮಟ್ಟಿಗೆ ಬೆನ್ನ ಹಿಂದಿನಿಂದಲೇ. ಮೈ ಚಾಚಿ ಮಲಗಲು ಎಡೆಯಿಲ್ಲ. ಚುಕ್ಕಾಣಿಯ ಮೇಲಿನ ಗಮನ ಕ್ಷಣಕಾಲ ಸಡಿಲಿದರೂ ದೋಣಿ ಅಡ್ಡ ತಿರುಗುವ ಭಯ.

ಆತನ ಸಿದ್ಧತೆ ದೋಣಿಗಷ್ಟೇ ಸೀಮಿತವಾಗಿರಲಿಲ್ಲ. ಹೊರಡುವ ಮುನ್ನ ತಿಂಗಳುಗಳ ಕಾಲ ಮನಸ್ಸನ್ನೇ ಹದಗೊಳಿಸಿದ್ದ. ಪಶ್ಚಿಮದ ದಿಕ್ಕನ್ನು ಬಿಡಬಾರದು, ಎದೆಗುಂದಬಾರದು ಎಂಬ ಕಿರುನುಡಿಗಳನ್ನು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಂಡು, ಅವು ಬುದ್ಧಿಯನ್ನು ದಾಟಿ ಒಳಮನಸ್ಸಿಗೆ ಇಳಿಯುವಂತೆ ಮಾಡಿದ್ದ. ಕಡಲಿನಲ್ಲಿ ದಣಿವು ಮಿತಿಮೀರಿ ಭ್ರಮೆಗಳು ಕವಿದಾಗ ಅವನ ನೆರವಿಗೆ ಬಂದದ್ದು ಆ ಅಭ್ಯಾಸವೇ. ಯಾನದ ಕೊನೆಯ ವಾರಗಳಲ್ಲಿ ದೋಣಿ ಎರಡು ಬಾರಿ ಮಗುಚಿತು. ಮಗುಚಿದ ದೋಣಿಯ ತಳವನ್ನೇ ತಬ್ಬಿ ಇರುಳು ಕಳೆದ ಆತ, ಬೆಳಗಾದ ಮೇಲೆ ಅದನ್ನು ಮತ್ತೆ ನೆಟ್ಟಗೆ ಮಾಡಿ, ಮತ್ತೆ ಪಶ್ಚಿಮಕ್ಕೇ ಮುಖ ಮಾಡಿದ. 72 ದಿನಗಳ ಯಾನದ ಕೊನೆಗೆ, ಡಿಸೆಂಬರ್ 30ರಂದು, ಕೆರಿಬಿಯನ್ ಕಡಲಿನ ಸೇಂಟ್ ಮಾರ್ಟಿನ್ ದ್ವೀಪವನ್ನು ಮುಟ್ಟಿದ. ಅಷ್ಟರಲ್ಲಿ ದೇಹ ಕೃಶವಾಗಿತ್ತು.

ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯವೊಂದು ಆ ದೋಣಿಯನ್ನು ತನ್ನಲ್ಲಿ ಇರಿಸಿಕೊಂಡಿತು. ಸಾಗರದ ಮುಂದೆ ಅದೊಂದು ತರಗೆಲೆ. ದೋಣಿಯನ್ನು ಕಂಡವರು ಅದರ ಗಾತ್ರಕ್ಕೆ ಬೆರಗಾದಾರು. ಆದರೆ ಕಡಲನ್ನು ದಾಟಿಸಿದ ಆ ಕಿರುನುಡಿ ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಲ್ಲ. ಕೈಗೆ ಕಲಿಸಿದ್ದು ಕೈ ಸೋತಾಗ ಮರೆತೀತು. ಒಳಮನಸ್ಸಿಗೆ ಕಲಿಸಿದ್ದು ಕೈಯನ್ನೇ ಎಚ್ಚರಿಸೀತು. ಬೋಧಿಸುವವರು ಈ ಭೇದವನ್ನು ಮರೆಯದಿರುವುದು ಲೇಸು.