ಕುಕ್ ಟೌನಿನ ಹಿತ್ತಿಲ ಬಾಗಿಲು

ಯುರೋಪು ನೋಡಬೇಕಾದರೆ ವಿಮಾನವನ್ನೇ ಹತ್ತಬೇಕೆಂದೇನೂ ಇಲ್ಲ ಗೆಳೆಯರೇ. ಶಿವಾಜಿನಗರದಲ್ಲಿ ಬಸ್ಸು ಹತ್ತಿದರೆ ಸಾಕು. ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್, ಒಂದೊಂದಕ್ಕೂ ಒಬ್ಬೊಬ್ಬ ಬಿಳಿದೊರೆಯ ಹೆಸರು. ರಸ್ತೆಗೆ ವೀಲರ್, ಬೀದಿಗೆ ಮಿಲ್ಟನ್. ಮಳವಳ್ಳಿ ಸೀಮೆಯಿಂದ ಪದವಿಯ ಕಾಗದ ಹಿಡಿದು ನಾವು ಮೂವರು ಇಲ್ಲಿಗೆ ಬಂದಾಗ, ಹಾಸ್ಟೆಲಿನಲ್ಲಿ ಅಡುಗೆ ಸಹಾಯಕಿಯಾಗಿದ್ದ ಒಬ್ಬ ಅವ್ವ ಕೇಳಿದಳು: "ಕುಕ್ಕು ಅಂದ್ರೆ ಅಡುಗೆಯವ್ನು ಅಲ್ವೇನ್ಲಾ? ಅಡುಗೆಯವ್ರ ಊರಾ ಅದು?" ಯಾವನೋ ದೊರೆಯ ಹೆಸರು ಕಣವ್ವ ಅಂದೆವು. ಆದರೆ ಅವ್ವನ ಮಾತೇ ಹೆಚ್ಚು ನಿಜ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಿಳಿ ಸೈನ್ಯಕ್ಕೆ ಅಲ್ಲಿನ ಜ್ವರ ತಡೆಯಲಾಗಲಿಲ್ಲ. 1809ರಲ್ಲಿ ದಂಡು ಹಲಸೂರಿನ ಕಡೆಗೆ ಬಂತು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದರೂ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು, 1947ರ ಜುಲೈವರೆಗೂ. 1898ರ ಪ್ಲೇಗು ಇಕ್ಕಟ್ಟಿನ ಬೀದಿಗಳನ್ನು ಬಡಿದ ಮೇಲೆ ಗಾಳಿ ಬೆಳಕಿನ ಈ ಹೊಸ ಬಡಾವಣೆಗಳು ಒಂದೊಂದಾಗಿ ಎದ್ದವು. ಮೈಸೂರು ಸೀಮೆಯ ಹೊಟ್ಟೆಯೊಳಗೆ ಒಂದು ತುಂಡು ಯುರೋಪು.

ಅಲ್ಲಿ ಆ ಪರದೇಶಿಗಳು ಹೇಗೆ ಬದುಕಿದರು? 1896ರಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ಇಪ್ಪತ್ತೊಂದರ ಹುಡುಗ ದಂಡಿಗೆ ಬಂದು ಇಬ್ಬರು ಗೆಳೆಯರ ಜೊತೆ ಬಂಗಲೆ ಹಿಡಿದ. ಅವರೂ ಮೂವರು, ನಾವೂ ಮೂವರು. ಆ ಸಂಸಾರದ ಲೆಕ್ಕವನ್ನು ಅವನೇ ಆಮೇಲೆ ತನ್ನ ಆತ್ಮಕಥೆಯಲ್ಲಿ ಕೊಟ್ಟಿದ್ದಾನೆ. ತಲೆಗೊಬ್ಬ ಬಟ್ಲರ್, ಬಟ್ಟೆ ತೊಡಿಸುವ ಆಳುಗಳು, ಕುದುರೆಗೊಬ್ಬ ಸಾಯಿಸ. ಮೂವರಿಗೂ ಸೇರಿ ಇಬ್ಬರು ಮಾಲಿಗಳು, ನೀರು ಹೊರಲು ಮೂವರು, ಬಟ್ಟೆ ಒಗೆಯಲು ನಾಲ್ವರು, ಒಬ್ಬ ಕಾವಲುಗಾರ. ಅವನು ಕ್ಲಬ್ಬಿಗೆ ಉಳಿಸಿಹೋದ 13 ರೂಪಾಯಿ ಬಾಕಿಯನ್ನು ಬೆಂಗಳೂರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ನಮ್ಮ ಕಣ್ಣು ಮಾತ್ರ ಆ ಪಟ್ಟಿಯಲ್ಲಿ ಇಲ್ಲದವನನ್ನೇ ಹುಡುಕುತ್ತದೆ. ಮೂವರು ದೊರೆಗಳು ದಿನಾ ಬೆಳಿಗ್ಗೆ ಎದ್ದು ಹೋದ ಮೇಲೆ ಅದನ್ನು ಬಳಿದು ಹೊತ್ತವನು ಯಾರು? ಕಾವಲುಗಾರನವರೆಗೂ ಎಣಿಸಿದ ಕೈ ಅವನಿಗೆ ಬರುವಷ್ಟರಲ್ಲಿ ನಿಂತುಬಿಟ್ಟಿದೆ.

ಅವನು ಬರುತ್ತಿದ್ದ ದಾರಿ ನಮಗೆ ಗೊತ್ತು. ನಾವು ಇರುವುದು ಹಳೆಯ ಬಂಗಲೆಯೊಂದರ ಹಿಂದಿನ ಔಟ್‌ಹೌಸಿನಲ್ಲಿ. ಒಂದು ಕಾಲಕ್ಕೆ ಆಳುಗಳ ಮನೆ. ಹಂಚಿನ ಸೂರು, ಒಂದೂವರೆ ಕೋಣೆ. ಅದರ ಹಿಂದೆ ಎರಡು ಸಾಲು ಮನೆಗಳ ನಡುವೆ ಒಂದು ಸಂದಿ. ಮುಂಬಾಗಿಲಿನ ಕಣ್ಣಿಗೆ ಬೀಳದಂತೆ ಮಲದ ಬಕೆಟ್ಟು ಹೊರಗೆ ಹೋಗಲೆಂದೇ ಬಿಟ್ಟ ದಾರಿ. ಎಂಥ ನಾಜೂಕು ನೋಡಿ! ನಮ್ಮೂರಿನಲ್ಲಿ ಕೇರಿಯನ್ನು ಊರಾಚೆ ಇಟ್ಟರು. ಇಲ್ಲಿ ಊರಿನ ಬೆನ್ನ ಹಿಂದೆಯೇ ಗೆರೆ ಎಳೆದರು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 'ಬೂಸಾ' ಎಂದದ್ದಕ್ಕೆ 1973ರಲ್ಲಿ ಅವರ ಮೇಲೆ ಮುಗಿಬಿದ್ದವರಿಗೆ ಈ ಕೆಲಸ ನೆನಪಿರಲಿಲ್ಲ. ಸಂದಿಯಲ್ಲಿ ಈಗ ಬೈಕು ನಿಲ್ಲಿಸುತ್ತಾರೆ.

ಆದರೂ ಒಂದು ಮಾತನ್ನು ಹೇಳಲೇಬೇಕು. ಊರಿನ ಬೇರೆ ಕಡೆಗಳಲ್ಲಿ ಬಾಡಿಗೆ ಮನೆ ಹುಡುಕುವಾಗ "ವೆಜ್ಜಾ, ನಾನ್ ವೆಜ್ಜಾ" ಎಂಬಲ್ಲಿಂದ ಶುರುವಾಗಿ "ನಿಮ್ಮ ಪೈಕಿ ಏನು" ಎಂಬಲ್ಲಿಗೆ ಬಂದು ಬೋರ್ಡು ಒಳಗೆ ಹೋಗುತ್ತಿತ್ತು. ಇಲ್ಲಿ ಮನೆಯಮ್ಮ ಕೇಳಿದ್ದು ಅಡ್ವಾನ್ಸು ಮಾತ್ರ. ಭಾನುವಾರ ನಾವು ಬಾಡು ಬೇಯಿಸಿದರೆ ಅವರ ಅಡುಗೆಮನೆಯಿಂದಲೂ ಅದೇ ವಾಸನೆ. ಪರದೇಶದ ಸುಖವೆಂದರೆ ಇದೇ ಇರಬೇಕು. ಬಾಬಾಸಾಹೇಬರು 'ವೀಸಾಗಾಗಿ ಕಾಯುತ್ತ' ಎಂಬ ಬರಹದಲ್ಲಿ ಹೇಳಿಕೊಂಡಿದ್ದಾರೆ, ಯುರೋಪು ಅಮೆರಿಕಗಳಲ್ಲಿದ್ದ ಐದು ವರ್ಷ ತಾನು ಅಸ್ಪೃಶ್ಯ ಎಂಬುದನ್ನೇ ಮರೆಸಿಬಿಟ್ಟಿತ್ತೆಂದು. ನೆನಪಾದದ್ದು 1917ರಲ್ಲಿ ಬರೋಡದ ಸ್ಟೇಷನ್ನಿನಲ್ಲಿ ಇಳಿದು, ಎಲ್ಲಿ ಉಳಿಯಲಿ ಎಂಬ ಪ್ರಶ್ನೆ ಎದ್ದಾಗ. ಪಾರ್ಸಿಗಳ ಛತ್ರದಿಂದ ಅವರನ್ನು ದೊಣ್ಣೆ ಹಿಡಿದು ಬಂದು ಹೊರಡಿಸಿದರು.

ನಮ್ಮ ಮೂವರಲ್ಲಿ ಒಬ್ಬ ನರ್ಸಿಂಗ್ ಓದಿದವನು. ಇಂದಿರಾನಗರಕ್ಕೆ ಹೋಗಿ ಹೋಗಿ ಜರ್ಮನ್ ಕಲಿತ. ರಾತ್ರಿಯೆಲ್ಲ ಅವನು ದೇರ್, ದೀ, ದಾಸ್ ಎಂದು ಉರು ಹೊಡೆಯುವಾಗ ನಮಗೆ ನಿದ್ದೆ ಇಲ್ಲ. ಈಗ ಸ್ಟುಟ್‌ಗಾರ್ಟಿನಲ್ಲಿ ಮುದುಕರ ಆರೈಕೆ ಮಾಡುತ್ತಾನೆ. ಊರಿನಲ್ಲಿ ಯಾರ ಜಗಲಿಯನ್ನು ಅವನು ಮುಟ್ಟುವಂತಿರಲಿಲ್ಲವೋ, ಅವರಿಗಿಂತ ಬಿಳಿ ಮೈಗಳನ್ನು ಎತ್ತಿ ಕೂರಿಸಿ ಬೆನ್ನು ಉಜ್ಜುತ್ತಾನೆ. ಒಬ್ಬ ಅಜ್ಜಿ ಅವನ ಕೈ ಹಿಡಿದುಕೊಂಡೇ ಮಲಗುತ್ತಾಳಂತೆ. ರೈಲಿನಲ್ಲಿ ಕೆಲವರು ಅವನ ಪಕ್ಕದ ಸೀಟು ಬಿಟ್ಟು ನಿಲ್ಲುತ್ತಾರಂತೆ, ಅದೂ ಇದೆ. ಆದರೆ ಅದು ಬಣ್ಣ ನೋಡಿ. ಜಾತಿ ಅವರಿಗೆ ಕಾಣುವುದಿಲ್ಲ.

ಆ ಸೀಮೆಯಲ್ಲಿ 'ಕೇರ್‌ವೊಖೆ' ಎಂಬ ಪದ್ಧತಿ. ಕೇರಿಗೂ ಇದಕ್ಕೂ ನಂಟಿಲ್ಲ, ಗುಡಿಸುವ ವಾರ ಎಂದರ್ಥ. ಮಹಡಿಮನೆಗಳಲ್ಲಿ ವಾರಕ್ಕೊಂದು ಮನೆಯಂತೆ ಸರದಿ. ಬಾಗಿಲಿಗೆ ಫಲಕ ಬಿದ್ದರೆ ಆ ವಾರ ಮೆಟ್ಟಿಲು, ಅಂಗಳ ಎಲ್ಲ ನೀವೇ ಗುಡಿಸಬೇಕು. ಇದನ್ನು ಅವನು ವಿಡಿಯೋ ಕಾಲಿನಲ್ಲಿ ತೋರಿಸಿದಾಗ ಅವನ ಅವ್ವ ಕಣ್ಣಲ್ಲಿ ನೀರು ತಂದಳು.

"ಅಷ್ಟು ದೂರ ಓಗೂ ಕಸ ಗುಡ್ಸದೇ ಆಯ್ತಾ ಮಗ?"

"ಎಲ್ರೂ ಗುಡುಸ್ತಾರೆ ಕಣವ್ವ. ಮೇಲ್ಗಡೆ ಮನೆ ಡಾಕ್ಟ್ರೂ ಗುಡುಸ್ತನೆ."

ಅವ್ವ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಅಂಗಾರೆ ಡಾಕ್ಟ್ರು ಯಾವ ಜನ?"

ಅವನು ನಕ್ಕ. ಆದರೆ ಅದೇ ಪ್ರಶ್ನೆಯನ್ನು ಒಂದು ಯುಗಾದಿಯ ಊಟದಲ್ಲಿ, ಹೋಳಿಗೆ ಬಡಿಸುತ್ತ, ನಮ್ಮ ನಾಡಿನವನೇ ಒಬ್ಬ ಕೇಳಿದನಂತೆ. "ಮಂಡ್ಯ ಕಡೆಯವ್ರಾ? ಓ! ಮನೆದೇವ್ರು ಯಾವ್ದು?" ವಾರಕ್ಕೊಮ್ಮೆ ಮೆಟ್ಟಿಲು ಗುಡಿಸಿ, ತನ್ನ ಕಕ್ಕಸನ್ನು ತಾನೇ ತೊಳೆದು ಬಂದವನ ಬಾಯಿಂದ ಈ ಮಾತು. ಪೊರಕೆ ಕೈಗೆ ಬಂದರೂ ತಲೆಯೊಳಗೆ ಹೋಗುವುದಿಲ್ಲ.

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಪರ್ಮಿಳಾ ತಿರ್ಕಿ ಎಂಬ ಬಿಹಾರದ ಆದಿವಾಸಿ ಹೆಣ್ಣುಮಗಳನ್ನು ಭಾರತೀಯ ಕುಟುಂಬವೊಂದು ನಾಲ್ಕೂವರೆ ವರ್ಷ ಮನೆಗೆಲಸಕ್ಕೆ ಇಟ್ಟುಕೊಂಡಿತ್ತು. ದಿನಕ್ಕೆ ಹದಿನೆಂಟು ಗಂಟೆ ದುಡಿತ, ನೆಲದ ಮೇಲೆ ಹಾಸಿಗೆ, ಗಂಟೆಗೆ ಬಿದ್ದದ್ದು 11 ಪೆನ್ಸ್. ಅಲ್ಲಿನ ನ್ಯಾಯಮಂಡಳಿ 2015ರಲ್ಲಿ ಆಕೆಗೆ 1,83,773 ಪೌಂಡು ಬಾಕಿ ಕೂಲಿ ಕೊಡಬೇಕೆಂದಿತು. 13 ರೂಪಾಯಿ ಬಾಕಿಯ ಕಥೆ ಹೇಳುವವರು ಈ ಬಾಕಿಯನ್ನೂ ಹೇಳಲಿ. ಸಮಾನತೆಯ ಕಾಯ್ದೆಯೊಳಗೆ ಜಾತಿಯನ್ನೂ ಸೇರಿಸಬೇಕೆಂದು 2013ರಲ್ಲಿ ಬ್ರಿಟನ್ನಿನ ಸಂಸತ್ತು ತೀರ್ಮಾನಿಸಿತ್ತು. 2018ರಲ್ಲಿ ಸರ್ಕಾರ ಹಿಂದೆ ಸರಿಯಿತು.

ನಮ್ಮ ಇನ್ನೊಬ್ಬನದು ಇತಿಹಾಸದ ಹುಚ್ಚು. ಚರ್ಚಿಲ್ ಎಣಿಸದೆ ಬಿಟ್ಟವನನ್ನು ಅವನು ಎಣಿಸಬೇಕಂತೆ. ದಂಡಿನ ಝಾಡಮಾಲಿಗಳು, ಸಾಯಿಸರು, ಆಯಾಗಳು ಯಾವ ಊರುಗಳಿಂದ ಬಂದರು, ಸಂಬಳ ಎಷ್ಟು, ಪ್ಲೇಗಿನಲ್ಲಿ ಎಷ್ಟು ಜನ ಹೋದರು. ಬ್ರಿಟಿಷರ ಭಾರತ ಕಚೇರಿಯ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಓದಲು ಹೋಗಬೇಕು. ದಲಿತ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸಲೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಆದರೆ 2022ರ ನಿಯಮ ಏನೆಂದಿತು? ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ, ಇವುಗಳ ಮೇಲಿನ ಅಧ್ಯಯನಕ್ಕೆ ಈ ಹಣ ಇಲ್ಲ. ಪರದೇಶಕ್ಕೆ ಹೋಗು, ಆದರೆ ನಿನ್ನ ಕೇರಿಯ ಸುದ್ದಿ ಎತ್ತಬೇಡ. ಬಾಬಾಸಾಹೇಬರು 1921-22ರಲ್ಲಿ ಇದ್ದ ಲಂಡನ್ನಿನ ಕಿಂಗ್ ಹೆನ್ರಿ ರಸ್ತೆಯ 10ನೇ ನಂಬರಿನ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡಿತು. ಸ್ಮಾರಕಕ್ಕೆ ದುಡ್ಡುಂಟು. ಆ ಮನೆಯಲ್ಲಿದ್ದವರು ಜಾತಿಯ ಬಗ್ಗೆ ಎತ್ತಿದ ಪ್ರಶ್ನೆಗಳನ್ನೇ ಎತ್ತಿಕೊಂಡು ಹೊರಟವನಿಗೆ?

ವಿಷಯ ಬದಲಾಯಿಸು, ಕಂಪ್ಯೂಟರೋ ಪರಿಸರವೋ ಹಾಕು ಎಂದವರಿದ್ದಾರೆ. ಅವನು ಬದಲಾಯಿಸಿಲ್ಲ. ಲಿಂಗರಾಜಪುರ, ಜೀವನಹಳ್ಳಿಗಳ ಹಳಬರ ಮನೆಗೆ ಹೋಗಿ ಕೂರುತ್ತಾನೆ. ಅವರ ತಮಿಳು, ತೆಲುಗು, ದಕ್ಕನಿ ಕಲೆಸಿದ ಕನ್ನಡವನ್ನು ಹಾಗೆಹಾಗೆಯೇ ಬರೆದುಕೊಳ್ಳುತ್ತಾನೆ. ಹೋದ ಭಾನುವಾರ ಟೇಪು ಹಿಡಿದು ನಮ್ಮ ಹಿತ್ತಿಲ ಸಂದಿ ಅಳೆದ. ಟೇಪಿನ ಇನ್ನೊಂದು ತುದಿ ನಮ್ಮ ಕೈಯಲ್ಲಿತ್ತು. ಮನೆಯಮ್ಮ ಕಿಟಕಿಯಿಂದ ಇಣುಕಿ, "ಏನು ಅಳೀತಿದೀರಪ್ಪಾ?" ಅಂದರು. "ದಾರಿ ಅಮ್ಮ" ಅಂದ.